ಅದನ್ನು ಔಷಧಿ ಅನ್ನಬೇಡಿ

ಕಿಕ್ಕೇರಿ ಹೋಬಳಿಯಲ್ಲಿ ಮನೆಯೊಳಗೆ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುತ್ತಿರುವ ಎಲ್ಲರಿಗೆ,



"ತಾತ, ದೊಡ್ಡಜ್ಜಿ ಔಷಧಿ ಮುಚ್ಚಳ ಬತ್ತಾ ಇಲ್ಲ, ಒಸಿ ತಗ್ದುಕೊಡು."

ಎಂಟು ವರ್ಷದ ಮೊಮ್ಮಗ ಹೀಗೆಂದು ಎದುರು ಬಂದು ನಿಂತಾಗ ನಾನು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದೆ. ಒಳಗೆ ಮಂಚದ ಮೇಲೆ ನನ್ನ ತಾಯಿ ತಲೆ ಹಿಂದಕ್ಕೆ ವಾಲಿಸಿಕೊಂಡು, ಹನಿ ಬೀಳಲೆಂದು ಕಾಯುತ್ತ ಮಲಗಿದ್ದರು. ಕಣ್ಣಿನ ಪೊರೆ ತೆಗೆಸಿ ಆರು ದಿನವಾಗಿತ್ತು. ದಿನಕ್ಕೆ ನಾಲ್ಕು ಸಲ ಹನಿ ಬಿಡಬೇಕಿತ್ತು. ಹುಡುಗ ಚಾಚಿದ ಸೀಸೆ ನೋಡಿದೆ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೀಸೆ, ಚೂಪು ಮೂತಿ, ಹಿಂಡಿದರೆ ಒಂದೊಂದೇ ಹನಿ. ಅದು ಅಮ್ಮನ ಕಣ್ಣಿನದಾಗಿರಲಿಲ್ಲ. ನನ್ನ ಮೀನಿನ ತೊಟ್ಟಿಯ ನೈಟ್ರೇಟ್ ಪರೀಕ್ಷೆಯ ಒಂದನೇ ಸೀಸೆ. ಒಳಗಿದ್ದದ್ದು ಹೈಡ್ರೋಕ್ಲೋರಿಕ್ ಆಮ್ಲ.

ಅಮ್ಮನ ಕಣ್ಣು ಉಳಿಸಿದ್ದು ಆ ಮುಚ್ಚಳ. ಕೆಳಕ್ಕೆ ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುವ, ಮಕ್ಕಳ ಕೈಗೆ ಬಗ್ಗದ ಮುಚ್ಚಳ ಅದು. ಅಗ್ಗದ ಕಿಟ್‌ಗಳಲ್ಲಿ ಅಂಥ ಮುಚ್ಚಳವೂ ಇರುವುದಿಲ್ಲ. ಹುಡುಗ ನನ್ನ ಬಳಿ ಬರುವ ಬದಲು ಹಲ್ಲಿನಿಂದ ಕಚ್ಚಿ ತೆಗೆಯಲು ನೋಡಿದ್ದರೆ ಏನಾಗುತ್ತಿತ್ತೆಂದು ಆ ರಾತ್ರಿಯೆಲ್ಲ ಯೋಚಿಸಿದೆ.

ಇದರಲ್ಲಿ ನಾಚಿಕೆಯ ಮಾತೊಂದಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಪದವಿಪೂರ್ವ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಅಟೆಂಡರ್ ಆಗಿದ್ದವನು. ಆಮ್ಲದ ಸೀಸೆಗಳನ್ನು ತೊಳೆದು, ತುಂಬಿ, ಚೀಟಿ ಅಂಟಿಸಿ, ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವನು. ಅಂಥವನು ನಿವೃತ್ತನಾಗಿ ಮನೆಗೆ ಬಂದು, ಮೈಸೂರಿನಿಂದ ಬಸ್ಸಿನಲ್ಲಿ ಚೀಲದೊಳಗೆ ಮೀನು ತಂದು, ತೊಟ್ಟಿಯನ್ನು ಟಿವಿ ಪಕ್ಕದ ಶೋಕೇಸಿನಲ್ಲಿಟ್ಟು, ಪರೀಕ್ಷೆಯ ಸೀಸೆಗಳನ್ನೂ ಅಲ್ಲೇ ಸಾಲಾಗಿ ಜೋಡಿಸಿದೆ. ಅಮ್ಮನ ಕಣ್ಣಿನ ಹನಿ, ನನ್ನ ಬಿಪಿ ಮಾತ್ರೆ, ಸೊಸೆಯ ನೋವಿನ ಮುಲಾಮು ಇರುತ್ತಿದ್ದ ಅದೇ ಹಲಗೆ. ನಿಮ್ಮಲ್ಲಿ ಅನೇಕರ ಮನೆಗೆ ತೊಟ್ಟಿ ನೋಡಲೆಂದು ಬಂದಿದ್ದೇನೆ. ನಿಮ್ಮ ಶೋಕೇಸಿನ ಹಲಗೆಯೂ ಬೇರೆಯಾಗಿಲ್ಲ. ಅದಕ್ಕೇ ಈ ಪತ್ರ.

ತಪ್ಪು ಹುಡುಗನದಲ್ಲ. "ತೊಟ್ಟಿ ನೀರಿಗೆ ಔಷಧಿ ಹಾಕ್ತೀನಿ ತಡಿ" ಎಂದು ದಿನವೂ ಅವನೆದುರು ಹೇಳುತ್ತಿದ್ದವನು ನಾನೇ. ನಮ್ಮ ಕಡೆಯ ಮಾತೇ ಹಾಗಿದೆ. ಭತ್ತಕ್ಕೆ ಹೊಡೆಯುವುದು ಔಷಧಿ, ಟೊಮೆಟೊಗೆ ಹೊಡೆಯುವುದು ಔಷಧಿ, ಇಲಿಗೆ ಇಡುವುದು ಇಲಿ ಔಷಧಿ, ತಿಗಣೆಗೆ ತಿಗಣೆ ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ. ಕೊಲ್ಲುವುದಕ್ಕೂ ಉಳಿಸುವುದಕ್ಕೂ ಒಂದೇ ಹೆಸರಿಟ್ಟುಕೊಂಡಿದ್ದೇವೆ. ಹೊಲದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಅಲ್ಲಿ ಡಬ್ಬ ದೊಡ್ಡದು, ವಾಸನೆ ದೂರಕ್ಕೇ ಬಡಿಯುತ್ತದೆ, ಇಡುವ ಜಾಗ ಪಂಪ್‌ಹೌಸ್. ಮೀನಿನ ಸೀಸೆ ಚಿಕ್ಕದು, ಅದಕ್ಕೆ ಘಾಟಿಲ್ಲ, ನೋಡಲು ಥೇಟು ಕಣ್ಣಿನ ಹನಿ, ಕಿವಿಯ ಹನಿ, ಮಗುವಿನ ಹೊಟ್ಟೆನೋವಿನ ಹನಿ. ಆದ್ದರಿಂದ ನನ್ನ ಮೊದಲ ಬೇಡಿಕೆ ಇಷ್ಟೆ: ಅದನ್ನು ಔಷಧಿ ಅನ್ನಬೇಡಿ. ಪರೀಕ್ಷೆ ಸೀಸೆ ಅನ್ನಿ, ಮೀನಿನ ಸೀಸೆ ಅನ್ನಿ, ಬೇಕಾದರೆ ವಿಷದ ಸೀಸೆ ಅನ್ನಿ. ಅದು ಮೀನಿಗೂ ಔಷಧಿಯಲ್ಲ. ತೊಟ್ಟಿಗೆ ಹಾಕುವ ವಸ್ತುವೇ ಅಲ್ಲ. ತೊಟ್ಟಿಯಿಂದ ಹೊರತೆಗೆದ ಒಂದು ಚಮಚ ನೀರಿನ ಹತ್ತಿರ ನಿಜ ಬಾಯಿಬಿಡಿಸುವ ಸಾಧನ.

ಹಾಗಾದರೆ ಈ ತಾಪತ್ರಯವೇ ಬೇಡ, ಪರೀಕ್ಷೆಯನ್ನೇ ಬಿಡೋಣ ಎನ್ನುತ್ತೀರಾ? ಬಿಡಬೇಡಿ. ನಮ್ಮ ಬೋರ್ ನೀರು ಎಂಥದ್ದೆಂದು ಬೇಳೆ ಬೇಯಿಸುವವರನ್ನು ಕೇಳಿ. ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಇಂಥ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೇ ಇರುತ್ತದೆ. ಮೀನು ಹಾಕಿದ ಹಿಕ್ಕೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದಲ್ಲ, ಅದರ ವಿಷ ಪಿಎಚ್ ಜೊತೆಗೆ ಏರುತ್ತದೆ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ಮೀನಿನ ಕಿವಿರು ಸುಡುವ ಪಾಲು ನೂರಕ್ಕೆ ಒಂದೂ ಇಲ್ಲ. 8 ಆದರೆ ಸುಮಾರು ಐದು. 9 ಮುಟ್ಟಿದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಮಳೆನೀರು ತುಂಬಿದ ತೊಟ್ಟಿಯಲ್ಲಿ ಬದುಕಿದ ಮೀನು ಬೋರ್ ನೀರಿನ ತೊಟ್ಟಿಯಲ್ಲಿ ಬೆಳಗಾಗುವಷ್ಟರಲ್ಲಿ ತೇಲುವುದು ಇದಕ್ಕೇ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಏನು ನಡೆದಿದೆಯೆಂದು ಆ ಸೀಸೆಗಳೇ ಹೇಳಬೇಕು.

ಸೀಸೆಯೊಳಗೆ ಏನಿದೆಯೆಂದು ತಿಳಿದರೆ ಹೇಗೆ ಹಿಡಿಯಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಹಿನೀರಿನ ತೊಟ್ಟಿಗಳಿಗೆ ಮಾರುವ ಸಾಮಾನ್ಯ ಕಿಟ್ ತೆಗೆದುಕೊಳ್ಳಿ. ಪಿಎಚ್ ಸೀಸೆಯಲ್ಲಿ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ನೀಲಿಯಂಥ ಸೂಚಕ ಇರುತ್ತದೆ. ಸೀಸೆಗಳ ಪೈಕಿ ಇದೇ ಸಾಧು. ಬಟ್ಟೆಯ ಮೇಲೆ ಬಿದ್ದರೆ ಕಲೆ, ಅಷ್ಟೆ. ಅಮೋನಿಯಾ ಪರೀಕ್ಷೆಗೆ ಎರಡು ಸೀಸೆ. ಒಂದರಲ್ಲಿ ಸ್ಯಾಲಿಸಿಲೇಟ್, ಆಸ್ಪಿರಿನ್ ಮಾತ್ರೆಯ ದಾಯಾದಿ. ಎರಡನೆಯದರಲ್ಲಿ ಕಾಸ್ಟಿಕ್ ಸೋಡಾ ಮತ್ತು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ನೈಟ್ರೈಟ್ ಸೀಸೆಯಲ್ಲೂ ನೈಟ್ರೇಟ್‌ನ ಒಂದನೇ ಸೀಸೆಯಲ್ಲೂ ಆಮ್ಲ. ನೈಟ್ರೇಟ್‌ನ ಎರಡನೆಯದರ ತಳದಲ್ಲಿ ಸತುವಿನ ಪುಡಿ ಕೂತಿರುತ್ತದೆ. ಅದಕ್ಕೇ ಅದನ್ನು ಜೋರಾಗಿ ಕುಲುಕಬೇಕು.

ಆಮ್ಲ ಎಂದರೆ ಎಲ್ಲರಿಗೂ ಭಯ, ಕ್ಷಾರ ಎಂದರೆ ಸಸಾರ. ನನ್ನ ಅನುಭವ ಬೇರೆ. ಆಮ್ಲ ತಾಗಿದ ಕೂಡಲೇ ಉರಿಯುತ್ತದೆ, ನಾವೇ ನೀರಿಗೆ ಓಡುತ್ತೇವೆ. ಕಾಸ್ಟಿಕ್ ಸೋಡಾ ಮೊದಲು ನುಣುಪಾಗಿ ಜಾರುತ್ತದೆ, ಸೋಪು ಮುಟ್ಟಿದ ಹಾಗೆ. ಆ ನುಣುಪು ನಮ್ಮದೇ ಚರ್ಮದ ಕೊಬ್ಬು ಸೋಪಾಗುತ್ತಿರುವುದರದು. ಉರಿ ಶುರುವಾಗುವಷ್ಟರಲ್ಲಿ ಅದು ಒಳಕ್ಕೆ ಇಳಿದಿರುತ್ತದೆ. ಎಲೆಅಡಿಕೆಯ ಸುಣ್ಣ ಕಣ್ಣಿಗೆ ಸಿಡಿದ ಮಗುವಿನ ಪಾಡನ್ನು ನೋಡಿದವರಿಗೆ ಕ್ಷಾರದ ಗುಣ ವಿವರಿಸಬೇಕಾಗಿಲ್ಲ. ಕಣ್ಣಿನ ಮಟ್ಟಿಗೆ ಹೇಳುವುದಾದರೆ, ಆಮ್ಲದ ಸೀಸೆಗಿಂತ ಅಮೋನಿಯಾ ಪರೀಕ್ಷೆಯ ಎರಡನೇ ಸೀಸೆಗೆ ನಾನು ಹೆಚ್ಚು ಹೆದರುತ್ತೇನೆ.

ಇವು ಒಂದೊಂದೂ ಸಣ್ಣ ಸೀಸೆ. ಇವು ನಮ್ಮ ಬಚ್ಚಲುಮನೆಯ ನೆಂಟರು ಎಂಬುದು ಇನ್ನೂ ದೊಡ್ಡ ವಿಷಯ. ಟಾಯ್ಲೆಟ್ ತೊಳೆಯುವ "ಆಸಿಡ್" ಹೈಡ್ರೋಕ್ಲೋರಿಕ್ ಆಮ್ಲ. ಕುಡಿಯುವ ನೀರಿನ ಟ್ಯಾಂಕಿಗೆ, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಹೈಪೋಕ್ಲೋರೈಟ್. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. ಕೆ.ಎಸ್. ನರಸಿಂಹಸ್ವಾಮಿ ನಮ್ಮ ಕಿಕ್ಕೇರಿಯಲ್ಲಿ ಹುಟ್ಟಿದ 1915ರಲ್ಲೇ, ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಲ್ಯಾಬಿಗೆ ಬಂದ ಹುಡುಗರಿಗೆ ಇಸವಿ ನೆನಪಿರಲೆಂದು ನಾನು ಹೀಗೆಯೇ ಹೇಳುತ್ತಿದ್ದೆ. ನಿಮ್ಮ ಪರೀಕ್ಷಾ ನಳಿಕೆಯ ಎಂಟು ಹನಿಯಿಂದ ಯುದ್ಧವೇನೂ ಆಗದು. ಆದರೆ ಅವಧಿ ಮುಗಿದ ಕಿಟ್ಟಿನ ಸೀಸೆಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದು ಕಲಸುವುದು, ಅಮೋನಿಯಾ ಪರೀಕ್ಷೆಯ ಉಳಿಕೆಯನ್ನು ಆಗಷ್ಟೇ ಆಸಿಡ್ ಹಾಕಿದ ಕಮೋಡಿಗೆ ಚೆಲ್ಲುವುದು, ಆಸಿಡ್ಡಿನ ಜೊತೆಗೆ ಬ್ಲೀಚಿಂಗ್ ಪುಡಿಯನ್ನೂ ಸೇರಿಸಿ ಗಾಳಿಯಾಡದ ಬಚ್ಚಲಲ್ಲಿ ಕೂತು ಉಜ್ಜುವುದು, ಇವೆಲ್ಲ ಒಂದೇ ದಾರಿಯ ಮೆಟ್ಟಿಲುಗಳು. ಆಮ್ಲವೂ ಬ್ಲೀಚೂ ಸವತಿಯರಿದ್ದಂತೆ. ಒಂದೇ ಕೋಣೆಗೆ ಬಿಡಬೇಡಿ.

ಈಗ ಪರೀಕ್ಷೆ ಮಾಡುವ ಬಗೆ. ನಿಮ್ಮಲ್ಲಿ ಬಹುಪಾಲು ಮಂದಿ ಹೇಗೆ ಮಾಡುತ್ತೀರಿ ಎಂದು ಕಂಡಿದ್ದೇನೆ: ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ನಳಿಕೆ, ಅದರ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕುವುದು, ಬೆರಳನ್ನು ಪಂಚೆಗೆ ಒರೆಸಿಕೊಳ್ಳುವುದು, ಅದೇ ಬೆರಳಲ್ಲಿ ಕಣ್ಣುಜ್ಜಿಕೊಳ್ಳುವುದು. ಆ ಬೆರಳು ಮುಂದೆ ಎಲ್ಲಿಗೆಲ್ಲ ಹೋಗುತ್ತದೆಂದು ಒಂದು ದಿನ ಲೆಕ್ಕ ಇಡಿ. ಎಲೆಅಡಿಕೆಗೆ ಸುಣ್ಣ ಹಚ್ಚುತ್ತದೆ, ಮಗುವಿನ ಮೂಗು ಒರೆಸುತ್ತದೆ, ಮುದ್ದೆ ಮುರಿಯುತ್ತದೆ.

ನನ್ನ ಕ್ರಮ ಹೀಗಿದೆ. ಊಟದ ಮೇಜಿನ ಮೇಲಾಗಲೀ ಅಡಿಗೆ ಕಟ್ಟೆಯ ಮೇಲಾಗಲೀ ಪರೀಕ್ಷೆ ಇಲ್ಲ. ಹಿಂದಿನ ವರಾಂಡದಲ್ಲಿ, ಗಾಳಿ ಬೆಳಕು ಇರುವಲ್ಲಿ, ಒಂದು ಅಗಲವಾದ ಹಳೆಯ ಸ್ಟೀಲ್ ತಟ್ಟೆ ಇಟ್ಟು ಅದರೊಳಗೇ ಎಲ್ಲ ಕೆಲಸ. ಚೆಲ್ಲಿದರೆ ತಟ್ಟೆಯಲ್ಲೇ ಉಳಿಯುತ್ತದೆ. ಆ ತಟ್ಟೆಗೆ ಉಗುರುಬಣ್ಣದಲ್ಲಿ ಗುರುತು ಹಾಕಿದೆ, ಮತ್ತೆಂದೂ ಅದು ಅಡಿಗೆಮನೆಗೆ ಬರುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು, ಒಂದು ಮಗ್. ಕೈಗೆ ರಬ್ಬರ್ ಕೈಗವಸು. ಕಣ್ಣಿಗೆ ಕನ್ನಡಕ, ಓದುವ ಕನ್ನಡಕ ಸಾಲದು, ಪಕ್ಕಗಳೂ ಮುಚ್ಚಿದ ಸುರಕ್ಷಾ ಕನ್ನಡಕ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬಣ್ಣವಿಲ್ಲದ್ದು ಸಿಗುತ್ತದೆ. ಮೀನಿಗೆ ತಿಂಡಿ ಕೊಂಡ ಮೇಲೆ ಕೊಳ್ಳುವ ಮೊದಲ ವಸ್ತು ಅದಾಗಲಿ.

ನೀರು 5 ಮಿಲಿಲೀಟರ್ ಗೆರೆಗೆ ಸರಿಯಾಗಿ. ಸೀಸೆಯನ್ನು ವಾರೆ ಹಿಡಿಯಬಾರದು, ನೆಟ್ಟಗೆ ತಲೆಕೆಳಗು ಹಿಡಿದರೆ ಹನಿಗಳು ಒಂದೇ ಗಾತ್ರದಲ್ಲಿ ಬೀಳುತ್ತವೆ. ಹನಿ ಎಣಿಸುವಾಗ ಯಾರೂ ಮಾತಾಡಿಸಕೂಡದು. ಒಂದು ಸೀಸೆಯ ಮುಚ್ಚಳ ಹಾಕಿ ಬಿಗಿ ಮಾಡಿದ ಮೇಲೆಯೇ ಇನ್ನೊಂದನ್ನು ತೆರೆಯುವುದು. ಇಲ್ಲದಿದ್ದರೆ ಅದರ ಮುಚ್ಚಳ ಇದಕ್ಕೆ, ಇದರದು ಅದಕ್ಕೆ ಹೋಗಿ ಎರಡೂ ಕೆಡುತ್ತವೆ. ನಳಿಕೆಗೆ ಅದರದೇ ಮುಚ್ಚಳ. ಬೆರಳು ಮುಚ್ಚಳವಲ್ಲ. ನೈಟ್ರೇಟ್‌ನ ಎರಡನೇ ಸೀಸೆಯನ್ನು ಅರ್ಧ ನಿಮಿಷ, ಆಮೇಲೆ ನಳಿಕೆಯನ್ನು ಒಂದು ನಿಮಿಷ ಕುಲುಕಿ ಎನ್ನುತ್ತದೆ ಹೆಚ್ಚು ಬಳಕೆಯ ಕಿಟ್ಟಿನ ಚೀಟಿ. ಆ ಹೊತ್ತಿನಲ್ಲೇ ಮುಚ್ಚಳ ಸಡಿಲಾಗಿ ಸಿಡಿಯುವುದು ಹೆಚ್ಚು. ಹಳೆ ಬಟ್ಟೆಯೊಂದನ್ನು ನಳಿಕೆಗೆ ಸುತ್ತಿ, ಮುಖದಿಂದ ದೂರ ಹಿಡಿದು, ಎದುರು ಯಾರೂ ಇಲ್ಲವೆಂದು ನೋಡಿ ಕುಲುಕಿ. ಬಣ್ಣ ನೋಡುವಾಗ ನಳಿಕೆಯನ್ನು ಕಾರ್ಡಿನ ಪಕ್ಕ ಹಿಡಿದು ನೋಡಬೇಕು, ಮೂಗಿನ ಹತ್ತಿರ ತಂದು ವಾಸನೆ ನೋಡುವ ಚಟ ಬೇಡ. ಕೊನೆಗೆ ಕೈಗವಸು ತೆಗೆದು ಸೋಪು ಹಾಕಿ ಕೈ ತೊಳೆಯುವುದು. ಇಷ್ಟಕ್ಕೆಲ್ಲ ಕಾಲು ಗಂಟೆ ಸಾಕು. ನಾಲ್ಕು ಬೀದಿ ತಿರುಗಿ ಹರಟೆ ಹೊಡೆಯಲು ಇರುವ ಪುರಸತ್ತು ಇದಕ್ಕೂ ಇರಲಿ.

ಪರೀಕ್ಷೆ ಮುಗಿದ ಬಣ್ಣದ ನೀರು ಎಲ್ಲಿಗೆ? ಪಟ್ಟಣದವರಿಗೆ ಸಿಂಕ್ ಇದೆ, ಅಲ್ಲಿಂದಾಚೆಗೆ ಏನಾಗುತ್ತದೆಂದು ಅವರು ಕೇಳುವುದಿಲ್ಲ. ನಮ್ಮಲ್ಲಿ ನೀರಿಗೆಲ್ಲ ಒಂದೊಂದು ದಾರಿಯಿದೆ. ಅಕ್ಕಿ ತೊಳೆದ ನೀರು, ಪಾತ್ರೆಯ ಮೊದಲ ನೀರು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಬಚ್ಚಲ ನೀರು ಬಾಳೆ ಬುಡಕ್ಕೆ, ಚರಂಡಿಯ ನೀರು ಕೊನೆಗೆ ಕೆರೆಗೆ. ಅಡಿಗೆಮನೆಯ ಮೂಲೆಯಲ್ಲಿ ನಳಿಕೆ ತೊಳೆದ ನೀರು ಹಾಲಿನ ಹಸುವಿನ ಮುಂದೆ ಹೋಗಿ ನಿಲ್ಲಬಹುದೆಂಬ ಯೋಚನೆಯನ್ನು ಯಾವ ಕಿಟ್ಟಿನ ಚೀಟಿಯಲ್ಲೂ ಬರೆದಿಲ್ಲ. ಅದನ್ನು ನಾವೇ ಮಾಡಬೇಕು. ಮಾಮೂಲು ಪರೀಕ್ಷೆಗಳ ಉಳಿಕೆಯನ್ನು ಒಂದೊಂದಾಗಿ ಕಮೋಡಿಗೆ ಹಾಕಿ, ಪ್ರತಿಯೊಂದಕ್ಕೂ ಧಾರಾಳವಾಗಿ ನೀರು ಸುರಿಯಿರಿ. ಅಂದು ಅಲ್ಲಿ ಆಸಿಡ್, ಬ್ಲೀಚಿಂಗ್ ಏನನ್ನೂ ಹಾಕಿರಬಾರದು. ಬಣ್ಣದ ನೀರನ್ನು ಮತ್ತೆ ತೊಟ್ಟಿಗೆ ಸುರಿಯಬೇಡಿ, ಗಿಡಕ್ಕೂ ಬೇಡ, ಬಾನಿಗಂತೂ ಬೇಡವೇ ಬೇಡ. ನಳಿಕೆ ತೊಳೆಯಲು ಪಾತ್ರೆಯ ನಾರು ಬಳಸಬೇಡಿ.

ಒಂದು ಪರೀಕ್ಷೆಗೆ ಈ ರಿಯಾಯಿತಿಯೂ ಇಲ್ಲ. ಅಮೋನಿಯಾಕ್ಕೆ ಹಳೆಯ ವಿಧಾನವೊಂದಿದೆ. ಜರ್ಮನಿಯ ಜೂಲಿಯಸ್ ನೆಸ್ಲರ್ 1856ರಲ್ಲಿ ಕಂಡುಹಿಡಿದದ್ದು, ಇಂದಿಗೂ ಅವನ ಹೆಸರಲ್ಲೇ ನೆಸ್ಲರ್ ದ್ರಾವಣ ಎನ್ನುತ್ತಾರೆ. ಕಾಲೇಜಿನ ಲ್ಯಾಬುಗಳಲ್ಲಿ ಇತ್ತು, ಕೆಲವು ನೀರಿನ ಕಿಟ್‌ಗಳಲ್ಲೂ ಬಂದಿದೆ. ಅದರಲ್ಲಿ ಪಾದರಸವಿದೆ. ಗುರುತು ಸುಲಭ: ಅಮೋನಿಯಾ ಹೆಚ್ಚಿದಂತೆ ಹಳದಿಯಿಂದ ಹಸಿರಿಗೆ ತಿರುಗಿದರೆ ಸ್ಯಾಲಿಸಿಲೇಟ್, ಹಳದಿಯಿಂದ ಕಿತ್ತಳೆ, ಕಂದು ಬಣ್ಣಕ್ಕೆ ತಿರುಗಿದರೆ ನೆಸ್ಲರ್. ಜಪಾನಿನ ಮಿನಮಾಟ ಊರಿನ ಕೊಲ್ಲಿಗೆ ಕಾರ್ಖಾನೆ ಬಿಟ್ಟ ಪಾದರಸ ಮೀನಿನ ಮೈಸೇರಿ, ಮೀನು ತಿಂದ ಬೆಸ್ತರ ನರಮಂಡಲ ಸೇರಿ, ತಾಯಂದಿರ ಗರ್ಭದ ಕೂಸುಗಳನ್ನೂ ಬಿಡಲಿಲ್ಲ. ಆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಕಾರ್ಖಾನೆಯ ಲೆಕ್ಕವೇ ಬೇರೆ, ನಮ್ಮ ಹನಿಯ ಲೆಕ್ಕವೇ ಬೇರೆ, ಒಪ್ಪುತ್ತೇನೆ. ಆದರೂ ಮೀನಿನ ಮೇಲಿನ ಪ್ರೀತಿಗೆ ಕೊಂಡ ವಸ್ತುವಿನಿಂದ ಊರ ಕೆರೆಯ ಮೀನಿಗೆ ಪಾದರಸ ಉಣಿಸುವುದು ಯಾವ ನ್ಯಾಯ? ಅಂಥ ಕಿಟ್ ಕೊಳ್ಳಬೇಡಿ. ಈಗಾಗಲೇ ಇದ್ದರೆ ಬಳಸುವುದನ್ನು ನಿಲ್ಲಿಸಿ. ಸೀಸೆಯನ್ನೂ ಉಳಿಕೆಯನ್ನೂ ಚೆಲ್ಲದೆ, ಬಿಗಿಯಾಗಿ ಮುಚ್ಚಿ, "ಪಾದರಸ" ಎಂದು ಬರೆದು ಬೇರೆಯಾಗಿಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕಂಡು ದಾರಿ ಕೇಳಿ. ಕಸದ ಗಾಡಿಗೆ ಹಸಿಕಸ, ಒಣಕಸದ ಜೊತೆ ಹಾಕಬೇಡಿ.

ಕ್ಲೋರಿನ್ ಪರೀಕ್ಷೆಗೂ ಒಂದು ಮಾತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಹಳದಿ ಬಣ್ಣ ಬರುವ "ಓಟಿ" ದ್ರಾವಣವನ್ನು ನೀರುಗಂಟಿಗಳ ಕೈಯಲ್ಲಿ ನೀವು ನೋಡಿರುತ್ತೀರಿ. ಓಟಿ ಎಂದರೆ ಆರ್ಥೊಟಾಲಿಡೀನ್. ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸೇರಿಸಿದೆ. ತೊಟ್ಟಿಗೆ ಕೊಳ್ಳುವುದಾದರೆ ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆಯನ್ನೇ ಕೇಳಿ. ಓಟಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ನಮ್ಮ ಊರುಗಳಲ್ಲೇ ಈ ಕೆಲಸವನ್ನು ಕಲಿತವರಿದ್ದಾರೆ ಎಂಬುದನ್ನು ನಾವು ಮರೆತಿದ್ದೇವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ನಿನಲ್ಲಿ, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಎಂದು ಕರೆದರಲ್ಲ ಅದರಲ್ಲಿ, ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ಕ್ರಮವಿದೆ. ಅವರ ಪೆಟ್ಟಿಗೆಯಲ್ಲಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ಪರೀಕ್ಷೆಯ ಸೀಸೆಗಳಿರುತ್ತವೆ. ನಮ್ಮ ತೊಟ್ಟಿಯ ಸೀಸೆಗಳ ಅಕ್ಕತಂಗಿಯರೇ. ಬ್ಯಾಕ್ಟೀರಿಯಾ ಪತ್ತೆಯ ಸೀಸೆ ಕಪ್ಪಾದರೆ ಒಳಗೆ ರೋಗಾಣು ಬೆಳೆದಿರಬಹುದು ಎಂದರ್ಥ, ಅದನ್ನು ಹಾಗೇ ಬಿಸಾಡದೆ ಬ್ಲೀಚಿಂಗ್ ಹಾಕಿ ಕೊಂದು ವಿಲೇವಾರಿ ಮಾಡಬೇಕು. ಊರ ನೀರು ನೋಡುವವರಿಗೆ ತರಬೇತಿ ಬೇಕೆಂದು ಸರ್ಕಾರಕ್ಕೆ ತೋಚಿತು. ಮೀನಿನ ನೀರು ನೋಡುವ ನಾವು ಯಾರನ್ನೂ ಕೇಳದೆ ಸೀಸೆ ತೆರೆದೆವು. ನಿಮ್ಮೂರಿನಲ್ಲಿ ಆ ತರಬೇತಿ ಪಡೆದವರಿದ್ದರೆ ಒಂದು ಸಂಜೆ ಕೂರಿಸಿಕೊಂಡು ಅವರು ಹೇಗೆ ಮಾಡುತ್ತಾರೆ ನೋಡಿ. ಹೆಣ್ಣುಮಕ್ಕಳ ಹತ್ತಿರ ಕಲಿಯಲು ಸಂಕೋಚ ಬೇಡ.

ಇಷ್ಟೆಲ್ಲ ಎಚ್ಚರವಿದ್ದೂ ಆಗುವುದು ಆಗಬಹುದು. ಆಗ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎನ್ನುವುದೇ ನಮ್ಮ ಕಡೆ ಮುಖ್ಯ, ಏಕೆಂದರೆ ಪ್ರತಿ ಮನೆಯಲ್ಲೂ ಒಬ್ಬ ವೈದ್ಯರಿದ್ದಾರೆ.

ಕಣ್ಣಿಗೆ ಬಿದ್ದರೆ ಎದೆಹಾಲು, ಹರಳೆಣ್ಣೆ, ಬೆಣ್ಣೆ ಏನೂ ಬೇಡ. ನೀರು, ನೀರು, ನೀರು. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವ ಹಾಗೆ ಗಡಿಯಾರ ನೋಡಿ ಕನಿಷ್ಠ ಇಪ್ಪತ್ತು ನಿಮಿಷ ಬಿಡಬೇಕು. ಮಗು ಅಳಲಿ, ನಿಲ್ಲಿಸಬೇಡಿ. ಆಮ್ಲಕ್ಕೆ ಸೋಡಾ, ಕ್ಷಾರಕ್ಕೆ ನಿಂಬೆರಸ ಎಂದು ಕಣ್ಣಿನೊಳಗೆ ರಸಾಯನಶಾಸ್ತ್ರ ಮಾಡಲು ಹೋಗಬೇಡಿ. ತೊಳೆದ ಮೇಲೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಚರ್ಮಕ್ಕೆ ಬಿದ್ದರೂ ಹಾಗೆಯೇ, ನೆನೆದ ಬಟ್ಟೆ ಕಳಚಿ ಹರಿಯುವ ನೀರು. ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆನೀರು, ಸೋಪಿನ ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಹೊಲದ ವಿಷಕ್ಕೆ ನಮ್ಮವರು ಮಾಡುವ ಅಭ್ಯಾಸ. ಸುಡುವ ವಸ್ತು ಇಳಿಯುವಾಗ ಒಂದು ಸಲ ಸುಟ್ಟಿರುತ್ತದೆ, ವಾಂತಿಯಲ್ಲಿ ಮೇಲೆ ಬರುವಾಗ ಅದೇ ದಾರಿಯನ್ನು ಇನ್ನೊಂದು ಸಲ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಅದನ್ನು ತೊಟ್ಟಿಯ ಗಾಜಿನ ಮೇಲೇ ಬರೆದು ಅಂಟಿಸಿ. ಆಸ್ಪತ್ರೆಗೆ ಹೋಗುವಾಗ ಸೀಸೆಯನ್ನೂ ಕಿಟ್ಟಿನ ಡಬ್ಬವನ್ನೂ ಜೊತೆಗೆ ಒಯ್ಯಿರಿ. "ಮೀನಿನ ಔಷಧಿ ಕುಡಿದ" ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಸೀಸೆಯ ಮೇಲಿನ ಸಣ್ಣಕ್ಷರಗಳಿಂದ ಗೊತ್ತಾಗುತ್ತದೆ.

ಆ ಸಣ್ಣಕ್ಷರಗಳ ಪಕ್ಕ ಒಂದು ಚಿತ್ರ ಇದೆಯೇ ನೋಡಿ. ನಳಿಕೆಯಿಂದ ಹನಿ ಬಿದ್ದು ಕೈ ಕರಗುತ್ತಿರುವ ಚಿತ್ರ. ಅದು ಅನೇಕ ದೇಶಗಳಲ್ಲಿ ಒಂದೇ. ಅದರ ಸುತ್ತ ಇರುವ ಬರಹ ಮಾತ್ರ ಕನ್ನಡದಲ್ಲಿಲ್ಲ. ಮೀನು ಮಾರುವ ಅಂಗಡಿಯವರೂ ಈ ಪತ್ರ ಓದುತ್ತಿದ್ದರೆ ಒಂದು ವಿನಂತಿ: ದೊಡ್ಡ ಸೀಸೆಯಿಂದ ಬಿಡಿಯಾಗಿ ಬೇರೆ ಸೀಸೆಗೆ ತುಂಬಿ, ಚೀಟಿಯಿಲ್ಲದೆ ಕೊಡಬೇಡಿ. ಹತ್ತು ರೂಪಾಯಿ ಉಳಿಸಿದ ಗಿರಾಕಿ ಮನೆಗೆ ಹೆಸರಿಲ್ಲದ ವಿಷ ಒಯ್ಯುತ್ತಾನೆ.

ಈ ಪತ್ರ ಬರೆಯಲು ಕೂತದ್ದು ಅಂದು ರಾತ್ರಿಯೇ. ಮೊದಲು ಸೀಸೆಗಳನ್ನೆಲ್ಲ ಶೋಕೇಸಿನಿಂದ ಇಳಿಸಿದೆ. ಒಂದು ಹಳೆಯ ಟ್ರಂಕಿನೊಳಗೆ, ಆಮ್ಲದವು ಒಂದು ಡಬ್ಬದಲ್ಲಿ, ಬ್ಲೀಚಿನದು ಇನ್ನೊಂದರಲ್ಲಿ ಇಟ್ಟು, ಬಿಸಿಲು ತಾಗದ ಅಟ್ಟಣಿಗೆಯ ಮೂಲೆಗೆ ಸೇರಿಸಿ ಬೀಗ ಹಾಕಿದೆ. ಕೀಲಿ ಮತ್ತೆ ಸೊಂಟಕ್ಕೆ ಬಂತು. ಬಿಳಿ ಪ್ಲಾಸ್ಟರ್ ಅಂಟಿಸಿ ಪ್ರತಿ ಸೀಸೆಗೂ ಕನ್ನಡದಲ್ಲಿ "ವಿಷ, ಕಣ್ಣಿನದಲ್ಲ" ಎಂದು ಬರೆದೆ. ಬರೆದು ಮುಗಿಸಿದ ಮೇಲೆ ಹೊಳೆಯಿತು: ಅಮ್ಮನಿಗೆ ಓದು ಬರುವುದಿಲ್ಲ. ಓದು ಬಂದಿದ್ದರೂ ಹನಿ ಬಿಡುವಾಗ ಕಣ್ಣು ಕಾಣುವುದಿಲ್ಲ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇದೇ ಕಷ್ಟ ಇತ್ತು. ರಾತ್ರಿ ಕತ್ತಲಲ್ಲಿ, ಮೊಂಬತ್ತಿಯ ಬೆಳಕಲ್ಲಿ ಔಷಧಿ ಎಂದುಕೊಂಡು ವಿಷ ಕುಡಿದು ಜನ ಸಾಯುತ್ತಿದ್ದರು. ಅದಕ್ಕೇ ವಿಷದ ಸೀಸೆಗಳನ್ನು ಬೇರೆ ಥರ ಮಾಡತೊಡಗಿದರು: ಆರು ಮೂಲೆ, ಗಾಜಿನ ಮೇಲೆ ಏಣುಏಣು ಗೆರೆ. ಕಣ್ಣಿಗಿಂತ ಮೊದಲು ಕೈಗೆ ತಿಳಿಯಬೇಕು. ಹಾಗೆ ಗೆರೆಯಿರುವ ಹಳೆಯ ನೀಲಿ ಸೀಸೆಯೊಂದನ್ನು ಕಾಲೇಜಿನ ಲ್ಯಾಬಿನಲ್ಲಿ ನಾನೇ ಕೈಯಾರೆ ತೊಳೆದಿದ್ದೆ, ಯಾಕೆ ಹಾಗಿದೆಯೆಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಮೂವತ್ತು ವರ್ಷದ ಮೇಲೆ ಆ ಮಾತು ಉಪಯೋಗಕ್ಕೆ ಬಂತು.

ಗೋಣಿಚೀಲ ಹೊಲಿಯುವ ಒರಟು ಸೆಣಬಿನ ದಾರ ತಂದೆ. ಒಂದೊಂದು ಸೀಸೆಯ ಕತ್ತಿಗೂ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆ. ಮೊಮ್ಮಗ ಗಂಟಿನ ಮೇಲೆ ಬೆರಳಿಟ್ಟುಕೊಟ್ಟ. ಬೆಳಗ್ಗೆ ಎರಡು ಸೀಸೆ ತೆಗೆದುಕೊಂಡು ಹೋಗಿ, ಒಂದು ಕಣ್ಣಿನದು, ಒಂದು ತೊಟ್ಟಿಯದು, ಅಮ್ಮನ ಎರಡು ಕೈಯಲ್ಲಿಟ್ಟೆ. ಕಣ್ಣು ಮುಚ್ಚಿಕೊಂಡೇ ಇದ್ದರು. ಹೆಬ್ಬೆರಳು ದಾರದ ಮೇಲೆ ಹೋಗಿ ನಿಂತಿತು.

"ಇದು ನಂದಲ್ಲ ಕನಪ್ಪ, ಮೀನಿಂದು" ಎಂದು ಆ ಸೀಸೆಯನ್ನು ನನ್ನ ಕಡೆ ಚಾಚಿದರು.

ನಿಮ್ಮ ಮನೆಯಲ್ಲೂ ಗೋಣಿದಾರ ಇದ್ದೇ ಇರುತ್ತದೆ. ನಾಳೆಗೆ ಇಟ್ಟುಕೊಳ್ಳಬೇಡಿ.

ಇಂತಿ,
ನಿಮ್ಮಂತೆಯೇ ತೊಟ್ಟಿ ಇಟ್ಟುಕೊಂಡಿರುವ
ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್
ಕಿಕ್ಕೇರಿ